ಏಳು ಹೆಜ್ಜೆ

ಶಿಡ್ಲಘಟ್ಟದ ಇಮ್ತಿಯಾಜ್ ಎರಡನ್ನೂ ಕೊಟ್ಟ:
ಸಂಜೆವರೆಗೂ ಇಟ್ಕೋ, ಒಂದು ವಾಪಸ್ ತಾ.

ಎರಡೂ ಅಂಗೈಯಗಲ. ಒಳಗೆ ದೊಡ್ಡ ಸೆನ್ಸರ್,
ಕತ್ತಲೆ ಎಷ್ಟು ಕುಡಿದರೂ ತೂರಾಡದಂಥದು.
ಒಂದಕ್ಕೆ ಝೂಮುಂಟು. ಇನ್ನೊಂದು
ಇದ್ದಲ್ಲಿಂದಲೇ ನೋಡುತ್ತೆ, ಅಷ್ಟೆ.

ರೀಲಿಂಗ್ ಶೆಡ್ಡಿನ ಬಾಗಿಲಲ್ಲೇ ನಿಂತು
ಝೂಮ್ ಎಳೆದೆ.
ಹಬೆಯಾಚೆ ಮುಬೀನಕ್ಕನ ಬೆರಳು,
ಬಿಸಿನೀರಲ್ಲಿ ಬೆಂದು ಬಿಳಚಿದ ತುದಿ,
ಗೂಡಿನಿಂದೆದ್ದ ಎಳೆಯನ್ನೂ ಎಣಿಸಬಹುದು.
ಅವಳಿಗೆ ಗೊತ್ತೇ ಆಗಲಿಲ್ಲ.

ಇನ್ನೊಂದಕ್ಕೆ ನಾನೇ ನಡೆಯಬೇಕಾಯ್ತು,
ಸತ್ತ ಹುಳದ ವಾಸನೆ ದಾಟಿ, ಒದ್ದೆ ನೆಲ ದಾಟಿ
ಏಳು ಹೆಜ್ಜೆ.
"ಚಪ್ಪಲಿ ಜಾರ್ತದೆ, ನೋಡ್ಕೊಂಡು" ಅಂದಳು,
ಕೈ ನಿಲ್ಲಿಸದೆ.
ಆ ಪಟ ಅಲುಗಿದೆ.

ಝೂಮಿನದಕ್ಕೆ ಎರಡು ಸಾವಿರ
ಬಿಡ್ತೀನಿ ಅಂತೀಯ, ಇಮ್ತಿಯಾಜ್.
ಬೇಡ.
ಇದರ ಚಾರ್ಜರ್ ಎಲ್ಲಿಟ್ಟಿದ್ದೀಯ, ಹುಡುಕು.