ಹಿಂಗಾಲಿನ ಒಂದು ಮಿಲಿಮೀಟರ್

ಮುತ್ತೋಡಿಯ ಕ್ಯಾಂಪು, ಬೆಳಗಿನ ಆರು ಗಂಟೆ.
ನಲವತ್ತು ತಗಡಿನ ಡಬ್ಬಿ, ಒಳಗೆ ಸುಟ್ಟ ಕೊಬ್ಬರಿ,
ಚಳಿಗೆಂದು ಒಂದು ಹಿಡಿ ಹತ್ತಿ.
ಬಾಗಿಲು ಬಿದ್ದಿರುವುದು ಹನ್ನೊಂದರದು.
ವಾಚರ್ ದುಗ್ಗಪ್ಪ ಡಬ್ಬಿಗೆ ಕಿವಿಗೊಟ್ಟು,
ಅಲ್ಲಾಡಿಸದೆ, ತೆರೆಯದೆ ಹೇಳುತ್ತಾನೆ:
‘ಇದು ಬಂಡೆಯದು, ಮೇಡಂ. ಇದು ದರಗಿನದು.’

ಚೀಲಕ್ಕೆ ಹಾಕಿ ತೂಗುತ್ತೇನೆ. ಹದಿಮೂರು ಗ್ರಾಂ.
ಇದೂ ಹದಿಮೂರು.
ಅದೇ ಕಂದು ಬೆನ್ನು, ಅದೇ ಮಾಸಲು ಬಿಳಿ ಹೊಟ್ಟೆ,
ಹಿಡಿದ ಬೆರಳಿನಲ್ಲೆಲ್ಲ ಎದೆಬಡಿತ.
ಹಿಂಗಾಲು ಮಾತ್ರ ಒಂದು ಮಿಲಿಮೀಟರ್ ಉದ್ದ,
ಅದೂ ಚಿಟ್ಟಿಲಿ ಕಾಲು ಚಾಚಲು ಒಪ್ಪಿದರೆ.
ಒಂದರ ಬಾಲಕ್ಕೆ ಕೆಂಪು ಉಗುರುಬಣ್ಣ, ಇನ್ನೊಂದಕ್ಕೆ ನೀಲಿ.
ತಂಗಿಯ ಮದುವೆಗೆ ಕೊಂಡದ್ದು,
ಹಚ್ಚಿಕೊಳ್ಳಲು ಪುರಸೊತ್ತಾಗಿರಲಿಲ್ಲ.

ಎರಡು ವರ್ಷದ ನಕ್ಷೆಯಲ್ಲಿ
ಕೆಂಪು ಚುಕ್ಕೆ ಬಂಡೆಯ ಬಿರುಕಿಗೆ,
ನೀಲಿ ಮತ್ತಿಮರದ ಬುಡದ ದರಗಿಗೆ.
ಮೂರನೆಯದೊಂದಿದೆ, ಉದ್ದ ಬಾಲದ್ದು,
ಬಳ್ಳಿಯೇ ಅದರ ಬೀದಿ, ನೆಲಕ್ಕೆ ಇಳಿಯದು.
ಬಿದ್ದ ನಂದಿಮರದ ಮೇಲೆ ಮಾತ್ರ ಕೆಂಪೂ ಉಂಟು, ನೀಲಿಯೂ ಉಂಟು:
ಒಂದು ಕತ್ತಲಾದ ಕೂಡಲೇ,
ಒಂದು ಚಂದ್ರ ಇಳಿದ ಮೇಲೆ.
ತಕರಾರು ನಾನು ಕೇಳಿಲ್ಲ. ಮಾತುಕತೆಯನ್ನೂ.
‘ಬಾವಿ ಒಂದೇ, ಹಗ್ಗ ಎರಡು’ ಅನ್ನುತ್ತಾನೆ ದುಗ್ಗಪ್ಪ.

ಆಮೇಲೆ ಬಿದಿರು ಹೂಬಿಟ್ಟಿತು.
ಅಕ್ಕಿ ಉದುರಿತು, ರಾತ್ರಿಯಿಡೀ, ತಗಡಿನ ಡಬ್ಬಿಗಳ ಮೇಲೆ ಟಣಟಣ.
ಆ ತಿಂಗಳು ನನ್ನ ನಕ್ಷೆ ಕೆಟ್ಟಿತು.
ಬಂಡೆಯದು ದರಗಿನಲ್ಲಿ, ದರಗಿನದು ಬಂಡೆಯಲ್ಲಿ,
ಬಳ್ಳಿಯ ಮೇಲಿನ ಆ ಬಿಗುಮಾನದ್ದೂ
ನೆಲದಲ್ಲಿ ಕೂತು, ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿತ್ತು.
ಒಂದು ಬೆಳಿಗ್ಗೆ ಒಂದೇ ಡಬ್ಬಿಯಲ್ಲಿ
ಕೆಂಪು ಬಾಲ, ನೀಲಿ ಬಾಲ, ಒಂದೇ ಹತ್ತಿಯೊಳಗೆ.
‘ತಪ್ಪು’ ಎಂದು ಬರೆದೆ. ಹೊಡೆದುಹಾಕಿದೆ.

ಬಿದಿರು ಸತ್ತಿತು, ಮೆಳೆಗೆ ಮೆಳೆಯೇ.
ಕೇರೆಹಾವುಗಳು ದಪ್ಪವಾಗಿದ್ದವು. ಡಬ್ಬಿಗಳು ಖಾಲಿ.
ಉಳಿದವು ಒಂದೊಂದಾಗಿ ಹಳೆಯ ಗೆರೆಗೆ ಮರಳಿದವು.
ಗೆರೆ ಎಳೆದದ್ದು ಬಹುಶಃ ಹಸಿವು, ಎಂದು ವರದಿಯಲ್ಲಿ ಬರೆದೆ.
ಪ್ರೊಫೆಸರು ‘ಬಹುಶಃ’ ಉಳಿಸಿದರು,
‘ಹಸಿವು’ ಹೊಡೆದು ‘ಸಂಪನ್ಮೂಲ’ ಎಂದು ತಿದ್ದಿದರು.

ಕ್ಯಾಂಪಿನಲ್ಲಿ ಒಲೆ ಒಂದೇ.
ದುಗ್ಗಪ್ಪನ ಮುದ್ದೆ ಮೊದಲು, ಆಮೇಲೆ ನನ್ನ ಅನ್ನ.
ಅವನು ಬೀಟಿಗೆ ಹೊರಟ ಮೇಲೆ ನಾನು ದೀಪ ಆರಿಸುತ್ತೇನೆ.
ಸೂರಿನಿಂದ ಇಳಿದ ಯಾವುದೋ ಒಂದು
ನನ್ನ ದಿಂಬಿನ ಹತ್ತಿ ಎಳೆಯುತ್ತಿದೆ, ಎಳೆಎಳೆಯಾಗಿ.
ಬಾಲದ ಬಣ್ಣ ನೋಡಲೆಂದು ಟಾರ್ಚು ಕೈಗೆತ್ತಿಕೊಂಡೆ.
ಬೆಳಕು ಬಿದ್ದರೆ ಓಡುತ್ತದೆ.
ತಲೆಯನ್ನು ತುಸು ಆಚೆ ಸರಿಸಿದೆ.