ಅಡುಗೆಗೋ, ತಲೆಗೋ

ಗಾಣದ ಬಾಗಿಲಲ್ಲಿ ನಿಂತು ಐದು ಲೀಟರ್ ಕೇಳಿದೆ.
ಅಳೆಯುತ್ತಿದ್ದ ಮೋನಬ್ಬ ಬ್ಯಾರಿ ತಲೆ ಎತ್ತಲಿಲ್ಲ:
"ಅಡುಗೆಗೋ, ತಲೆಗೋ?"

ಎರಡಕ್ಕೂ ಅಲ್ಲ ಮಾರಾಯ್ರೆ.
ಎಂತ ಹೇಳಲಿ?
ಒಂದು ಅಪೆಂಡಿಕ್ಸಿಗೆ, ಎರಡು ಪಿತ್ತಕೋಶಕ್ಕೆ,
ವಾಮಂಜೂರಿನ ಹೆಂಗಸೊಬ್ಬಳ ಕತ್ತಿನಿಂದ ತೆಗೆದ
ಹೆಸರುಕಾಳಿನಷ್ಟು ಗಂಟಿಗೆ.

"ಅಡುಗೆಗೆ" ಎಂದೆ.
ಪೂರ್ತಿ ಸುಳ್ಳೂ ಅಲ್ಲ.
ಕಂಕನಾಡಿಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನಮ್ಮದೂ ಒಂದು ಅಡುಗೆಮನೆಯೇ:
ನೆನೆಸುವುದು, ಸೋಸುವುದು, ಮೇಣ ಕರಗಿಸುವುದು,
ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆಚ್ಚುವುದು.

ನೀರಿದ್ದಲ್ಲಿ ಮೇಣ ಇಳಿಯುವುದಿಲ್ಲ.
ನೀರನ್ನು ಸ್ಪಿರಿಟ್ ಹೊರಡಿಸಬೇಕು,
ಸ್ಪಿರಿಟ್ಟನ್ನು ಝೈಲೀನ್,
ಝೈಲೀನನ್ನು ಬಿಸಿ ಮೇಣ.
ಬಾಡಿಗೆ ಮನೆಯ ಹಾಗೆ,
ಒಬ್ಬರು ಖಾಲಿ ಮಾಡಿದರೇ ಇನ್ನೊಬ್ಬರು ಒಳಗೆ.
ನಡುವಿನ ಆ ಬಾಡಿಗೆದಾರ ಮಾತ್ರ
ಹೋದರೂ ಪೂರ್ತಿ ಹೋಗುವವನಲ್ಲ.
ಕೂದಲಲ್ಲಿ, ದುಪಟ್ಟಾದಲ್ಲಿ, ಬುತ್ತಿಯ ಮುಚ್ಚಳದಲ್ಲಿ
ಸಿಹಿಸಿಹಿ ವಾಸನೆಯಾಗಿ ಉಳಿದುಬಿಡುತ್ತಾನೆ.
ಸ್ಟೇಟ್‌ಬ್ಯಾಂಕಿನ ಬಸ್ಸಲ್ಲಿ ಪಕ್ಕದವಳು ಕೇಳಿದ್ದಳು,
"ಪೈಂಟ್ ಅಂಗಡಿಯಲ್ಲಾ ನಿಮಗೆ ಕೆಲಸ?"

ಇಪ್ಪತ್ತೇಳು ವರ್ಷ ಅವನ ಪಕ್ಕ ನಿಂತವರು ಸಂಜೀವ ಗಟ್ಟಿ.
ಧಕ್ಕೆಯಲ್ಲಿ ಬಂಗುಡೆ ಕೊಳ್ಳುವಾಗ
ಕಿವಿರು ಬಿಡಿಸಿ ಕೆಂಪು ನೋಡುತ್ತಾರೆ,
ಮೂಗಿಗೆ ಹಿಡಿಯುವುದಿಲ್ಲ.
"ಅದು ರಜೆಯಲ್ಲಿ ಉಂಟು."

ಎಕ್ಸಾಸ್ಟ್ ಫ್ಯಾನು ಕೆಟ್ಟ ಜುಲೈಯಲ್ಲಿ
ನನಗೆ ಮೂರನೇ ತಿಂಗಳು.
ಆ ವಾರ ಎಣ್ಣೆಗಳ ಬಗ್ಗೆ ಓದತೊಡಗಿದೆ.

ಮೊದಲು ಬಂದದ್ದು ಮುಂಬಯಿಯ ಕಿತ್ತಳೆ ಸಿಪ್ಪೆಯ ದ್ರಾವಣ.
ಬೆಲೆ ಕೇಳಿ ಸಿಸ್ಟರ್ ಬ್ರಿಜಿತಾ ಕನ್ನಡಕ ತೆಗೆದಿಟ್ಟರು.
ಎರಡು ವಾರ ಇಡೀ ಕಾರಿಡಾರು ಮಿಠಾಯಿ ಡಬ್ಬ.
ಮೂರನೇ ವಾರ ಮುಮ್ತಾಜಳ ಮೊಣಕೈ ತನಕ ತುರಿಕೆ.
ಒಳ್ಳೆಯದೆಂದು ಬಂದದ್ದನ್ನೂ ಕೂರಿಸಿ ಕೇಳಬೇಕು:
ಬೆಂಕಿ ಕಂಡರೆ ಏನು ಮಾಡುತ್ತೀ?
ಮೋರಿಗೆ ಬಿದ್ದರೆ ಎಲ್ಲಿಗೆ ಹೋಗುತ್ತೀ?

ಹಾಗೆ ಈ ತೆಂಗಿನೆಣ್ಣೆ.
ಎ.ಸಿ. ಹಾಕಿಟ್ಟ ಮೊದಲ ರಾತ್ರಿಯೇ
ಹೆಪ್ಪುಗಟ್ಟಿ ಬೆಳ್ಳಗೆ ಕೂತಿತು.
ಒಳಗೆ ಯಾರದೋ ಪಿತ್ತಕೋಶ,
ಕೊಬ್ಬರಿ ಮಿಠಾಯಿಯಲ್ಲಿ ದ್ರಾಕ್ಷಿ.
ಗಟ್ಟಿಯವರು ನಕ್ಕು ನಕ್ಕು ಕೆಮ್ಮಿದರು.
ಡಿಸೆಂಬರಿನಲ್ಲಿ ತಲೆಗೆಣ್ಣೆಗೆ ಅಜ್ಜಿ ಮಾಡುತ್ತಿದ್ದದ್ದನ್ನೇ ಮಾಡಿದೆ:
ಬಿಸಿನೀರಲ್ಲಿ ಇಳಿಸಿಟ್ಟೆ,
ಗಡಿಯಾರದಿಂದ ಎರಡು ಗಂಟೆ ಹೆಚ್ಚು ಕಡ ಕೇಳಿದೆ.
ಬಣ್ಣಕ್ಕೆ ಮೊದಲು ಮೇಣ ಬಿಡಿಸಲು
ಪಾತ್ರೆ ತೊಳೆಯುವ ಸೋಪಿನ ಕುದಿಯುವಂಥ ನೀರು.

ಡಾಕ್ಟರ್ ಸುನೀತಿ ಬಲ್ಲಾಳರ ಮುಂದೆ
ಬರೀ ನಂಬರು ಬರೆದ ನಲವತ್ತು ಸ್ಲೈಡು.
ನೀಲಿ ಬೀಜ, ಗುಲಾಬಿ ಬಯಲು.
ರಿಸಲ್ಟಿಗೆ ಕಾದ ಹುಡುಗಿಯ ಹಾಗೆ ನಾನು ಬಾಗಿಲಲ್ಲಿ.
ಹದಿನೇಳನೆಯದನ್ನು ಬೆಳಕಿಗೆ ಎತ್ತಿದರು:
"ಇದು ಯಾವುದರದ್ದು? ಅಂಚು ಎಷ್ಟು ಸ್ಪಷ್ಟ."
ಎಣ್ಣೆಯದ್ದು.
ಇಪ್ಪತ್ತೊಂಬತ್ತನೆಯದನ್ನು ಪಕ್ಕಕ್ಕಿಟ್ಟರು:
"ಹರಿದಿದೆಯಲ್ಲ."
ಅದೂ ಎಣ್ಣೆಯದ್ದೇ.
ಸ್ತನದ ಕೊಬ್ಬು, ಬ್ಲೇಡು ಜಾರಿತ್ತು.
ಅದನ್ನೂ ಬರೆದುಕೊಂಡೆ,
ಅದೇ ಪೆನ್ನಿನಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ.

ಕೊಬ್ಬಿನ ತುಂಡುಗಳಿಗೆ ಇನ್ನೂ ಹಳೆಯ ಬಾಟಲಿಯೇ.
ಕವರ್‌ಸ್ಲಿಪ್ಪಿನ ಅಂಟಿನಲ್ಲೂ ಅವನಿದ್ದಾನೆ.
ತಿಂಗಳಿಗೆ ಹದಿನೆಂಟು ಲೀಟರ್ ಇದ್ದದ್ದು ಈಗ ಮೂರು.
ಗೆದ್ದೆವು ಎನ್ನಲು ಬಾಯಿ ಬರುವುದಿಲ್ಲ.
ಬಾಡಿಗೆದಾರ ಹಿಂದಿನ ಕೋಣೆಗೆ ಹೋದ, ಅಷ್ಟೆ,
ಕದ ಎಳೆದುಕೊಂಡು.

ಮೊನ್ನೆ ಕ್ಯಾನು ತುಂಬಿಸುತ್ತ ಮೋನಬ್ಬ ತಲೆ ಎತ್ತಿದರು.
"ಈ ತಿಂಗಳಿಗೆ ಇದು ಮೂರನೇ ಸಲ.
ಮನೆಯಲ್ಲಿ ಎಷ್ಟು ಜನ?"
ಬೆಳಿಗ್ಗೆ ಎಣಿಸಿಟ್ಟ ಕ್ಯಾಸೆಟ್ಟುಗಳು ನೆನಪಾದವು.
"ಇವತ್ತಿಗೆ ಮೂವತ್ತಾರು" ಎಂದೆ,
"ಸೋಮವಾರಕ್ಕೆ ಎಲ್ಲರಿಗೂ ಉತ್ತರ ಕೊಡಬೇಕು."