ಮಿಂಚುಳ್ಳಿ, ಸಂಚಿಕೆ ಮುನ್ನೂರ ಹದಿನೆಂಟು

ತಿಂಗಳ ಮೊದಲ ಗುರುವಾರ, ಕೊಬ್ಬರಿ ಚೀಲಗಳಿಗಿಂತ ಮೊದಲು
ಅದನ್ನೇ ತಕ್ಕಡಿಗೆ ಇಡಿಸುತ್ತೇನೆ.
ಇಪ್ಪತ್ತೈದು ಪ್ರತಿ, ಸುತ್ತ ಸೆಣಬಿನ ದಾರ,
ಮೇಲೆ ಇಲಿಯಾಸನ ಬುಕ್‌ಸ್ಟಾಲಿನ ವಿಳಾಸ:
ಒಂದನೇ ಪ್ಲಾಟ್‌ಫಾರಂ, ಅರಸೀಕೆರೆ ಜಂಕ್ಷನ್.
ಎರಡು ಕಿಲೋ ಮುನ್ನೂರು, ಎಂದು ಬರೆಯುವಾಗ
ಐವತ್ತೆರಡರ ಈ ಕೈ
ಪರೀಕ್ಷೆಗೆ ಕೂತ ಹುಡುಗಿಯದಾಗುತ್ತದೆ.

ಇಲ್ಲಿ ಇಳಿಯುವವರೆಲ್ಲ ಗಾಡಿ ಬದಲಿಸಲು ಇಳಿಯುವವರು.
ನಾನು ಬದಲಿಸಿಲ್ಲ. ಒಂಬತ್ತನೇ ವಯಸ್ಸಿಗೆ ಹತ್ತಿದ್ದು,
ಒಂದೂವರೆ ರೂಪಾಯಿ ಕೊಟ್ಟು.
ಆಗ ಮಿಂಚುಳ್ಳಿ ಗೂಡ್ಸ್ ಗಾಡಿಯನ್ನು ಒಂದೇ ಕೈಲಿ ಎತ್ತುತ್ತಿದ್ದಳು.
ಅಚ್ಚು ಸರಿಯಾಗಿ ಕೂರದೆ
ಅವಳ ನೀಲಿ ಅವಳಿಂದ ಒಂದು ಕೂದಲೆಳೆ ಹಿಂದೆ ಉಳಿಯುತ್ತಿತ್ತು.
ನಾನದನ್ನು ವೇಗ ಎಂದುಕೊಂಡಿದ್ದೆ:
ಬಣ್ಣಕ್ಕೂ ಹಿಡಿಯಲಾಗದಷ್ಟು ಓಡುತ್ತಾಳೆ!

ಗಾರ್ಡ್ ಆಗಿ ನಿವೃತ್ತರಾದ ಪದ್ಮರಾಜಯ್ಯ
ಮೊದಲ ಐವತ್ತು ಸಂಚಿಕೆಗೆ ನುಸಿಗುಳಿಗೆ ಹಾಕಿ
ಟ್ರಂಕಿನಲ್ಲಿ ಇಟ್ಟಿದ್ದಾರೆ. ದಿನಾ ಸಂಜೆ
ಕಲ್ಲುಬೆಂಚಿನ ಮೇಲೆ ಅದೇ ತೀರ್ಪು:
‘ನಮ್ಮ ಕಾಲದ ಮಿಂಚುಳ್ಳಿಯೇ ಮಿಂಚುಳ್ಳಿ ಕಣಮ್ಮ.
ಈಗಿನದರಲ್ಲಿ ಏನಿದೆ, ಬರೀ ನಿಟ್ಟುಸಿರು.’

ಸ್ವಾಮಿ, ನಡುವಿನ ಕಾಲವನ್ನೂ ಉಂಡವಳು ನಾನು.
ಎಷ್ಟೋ ವರ್ಷ ಅಚ್ಚೇ ಆಗಲಿಲ್ಲ. ಆದಾಗ ಆಗಬಾರದಿತ್ತು ಅನ್ನಿಸಿತು.
ನೂರ ಎಂಬತ್ತರಿಂದ ಇನ್ನೂರ ಅರವತ್ತು, ಬರೀ ಹಟಕ್ಕೆ ಓದಿದ್ದು.
ಮೂರು ಸಲ ಸತ್ತು ನಾಲ್ಕು ಸಲ ಬದುಕಿ ಬಂದಳು,
ಆ ಲೆಕ್ಕ ನನಗಿನ್ನೂ ಹತ್ತಿಲ್ಲ.
ಒಂದು ಸಂಚಿಕೆ ತುಂಬ ಶತ್ರುವಿಗೆ ಒತ್ತು ಬಿದ್ದುಹೋಗಿ
ಶತು, ಶತು ಎಂದೇ ಅಚ್ಚಾಗಿತ್ತು.
ಶತುವಿಗೆ ಯಾರು ಹೆದರುತ್ತಾರೆ?

ಮುನ್ನೂರ ಒಂದರಿಂದ ಬಂತು ನೋಡಿ ಗಾಳಿ.
ಎರಡನೇ ಪುಟದ ಬುಡದಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಕೆ:
ಕಥೆ, ಲವೀನಾ. ಚಿತ್ರ, ಬೋರಲಿಂಗ.
ಯಾರ ಮಕ್ಕಳೋ, ಹೆತ್ತವರ ಹೊಟ್ಟೆ ತಣ್ಣಗಿರಲಿ.

ಈಗ ಅವಳು ಹಾರುವ ಮೊದಲು ಎಡ ಭುಜ ತಿರುಗಿಸುತ್ತಾಳೆ.
ಕಟಕ್, ಎಂದು ಬರೆದಿರುತ್ತದೆ, ಹಳದಿ ಅಕ್ಷರದಲ್ಲಿ.
ನಾಲ್ಕನೇ ಸಂಚಿಕೆಯಿಂದ ಊರು ಸುಡುತ್ತಿದ್ದ ಹೊಗೆರಾಯ
ಈಗ ಕೆಮ್ಮುತ್ತಾನೆ. ಹೊಡೆಯುತ್ತಾಳೆ, ಬಿಡುವುದಿಲ್ಲ,
ಆದರೆ ಕೆಮ್ಮು ನಿಲ್ಲುವವರೆಗೆ ಮುಷ್ಟಿ ಹಿಡಿದು ಕಾಯುತ್ತಾಳೆ.
ಮುನ್ನೂರ ಐದರಲ್ಲಿ ಕುಸಿದ ಸೇತುವೆಯಿಂದ ಹುಡುಗನೊಬ್ಬನನ್ನು ಎತ್ತಿದಳು,
ಮೂರೇ ಪುಟದಲ್ಲಿ. ಅವನು ಅತ್ತ: ಒಂದು ಚಪ್ಪಲಿ ಇಲ್ಲ.
ಉಳಿದ ಪುಟವೆಲ್ಲ, ಹೊಳೆದಂಡೆಯ ಕತ್ತಲಲ್ಲಿ,
ಜಗತ್ತು ಕಾಯುವವಳು ಬಗ್ಗಿ ಬಗ್ಗಿ ಹುಡುಕಿದ್ದು
ಒಂದು ಚಪ್ಪಲಿ.

‘ಇಪ್ಪತ್ತೊಂದು ಪುಟ! ಒಂದು ಹವಾಯಿ ಚಪ್ಪಲಿಗೆ!’
ಬಾಯಲ್ಲಿದ್ದ ಎಲೆಯಡಿಕೆ ಉಗಿದೇ ಬಿಟ್ಟರು ಪದ್ಮರಾಜಯ್ಯ.
ಹೌದು ಸ್ವಾಮಿ, ಅದಕ್ಕೇ.
ಗಾಡಿ ಎತ್ತಿದಾಗ ಬಾಯಿ ಬಿಟ್ಟಿದ್ದೆ, ಒಪ್ಪಿದೆ.
ಇದನ್ನು ಓದಿ ಬಾಯಿ ಮುಚ್ಚಿಕೊಂಡೆ,
ಚೀಲದಿಂದ ಬಿದ್ದ ಚೀಟಿ ಹುಡುಕುವವಳ ಹಾಗೆ
ತಲೆ ತಗ್ಗಿಸಿದೆ, ತುಂಬ ಹೊತ್ತು.

ನಮ್ಮ ಕಾಲ, ನಮ್ಮ ಕಾಲ ಎನ್ನುತ್ತೀರಿ.
ನನ್ನ ಕಾಲ ಈ ಗುರುವಾರ. ಹೋದ ತಿಂಗಳೂ ಇತ್ತು.
ನಲವತ್ಮೂರು ವರ್ಷ ಕಾದದ್ದು ಇದಕ್ಕೆ ಎಂದು
ಕಾಯುವಾಗ ಗೊತ್ತಿರಲಿಲ್ಲ.

ಹೋದ ವಾರ, ಮೈಸೂರು ಪ್ಯಾಸೆಂಜರ್ ಹೊರಟ ಮೇಲೆ,
ಹಳಿಯ ಕಡೆ ನೋಡುತ್ತಲೇ ಕೇಳಿದರು:
‘ಅಲ್ಲಮ್ಮ, ಆ ಹುಡುಗನ ಚಪ್ಪಲಿ… ಸಿಕ್ಕಿತೋ ಕಡೆಗೆ?’
ನಾನು ಹೇಳಲಿಲ್ಲ.
ಹೇಳಬಾರದು, ಅದು ನಿಯಮ.

ಈಗ ಚೀಲಗಳ ಸಂದಿಯಲ್ಲಿ ಕೂತಿದ್ದೇನೆ. ಹೊಸ ಶಾಯಿಗೆ
ಕೊಬ್ಬರಿಯ ಜಿಡ್ಡು ವಾಸನೆ ಬೆರೆತಿದೆ.
ದಾರ ಬಿಚ್ಚಿದ್ದು ತಪ್ಪು, ಗೊತ್ತು. ಇಲಿಯಾಸನಿಗೆ ದುಡ್ಡು ಆಮೇಲೆ.
ಹಮಾಲಿ ಓಬಯ್ಯ ಹೊರಗಿಂದ ಕೂಗುತ್ತಾನೆ:
‘ಮೇಡಮ್ಮೋರೇ, ತಿಪಟೂರಿನ ಲೋಡು!’
ಬಂದೆ, ಬಂದೆ ಎನ್ನುತ್ತೇನೆ.
ಹನ್ನೆರಡನೇ ಪುಟ. ಅವಳಿನ್ನೂ ನೆಲದ ಮೇಲೇ ಇದ್ದಾಳೆ,
ಭುಜ ತಿರುಗಿಸುತ್ತಿದ್ದಾಳೆ.